ಮಾತಾಡದ ಫೋನು

ನನ್ನ ನೆನಪಿನಲ್ಲಿ ಆ ಹಾಡು ಮಂಜಿನೊಳಗಿಂದ ಶುರುವಾಗುತ್ತದೆ. ಬೀಚ್ ರಸ್ತೆಯ ಪಕ್ಕದ ಮೈದಾನ, ಹಿಂದೆ ಕಪ್ಪಾಗುತ್ತಿರುವ ಸಮುದ್ರ, ಬಂದರಿನೊಳಕ್ಕೆ ಹೋಗಲು ಸರದಿ ಕಾಯುತ್ತ ನಿಂತ ಹಡಗುಗಳ ದೀಪಗಳು. ಆ ದೀಪಗಳನ್ನು ಒಂದೊಂದಾಗಿ ನುಂಗುತ್ತ ಮಂಜು ದಡಕ್ಕೆ ಬರುತ್ತದೆ, ಅದರೊಳಗಿಂದ ನನ್ನ ತಮ್ಮನ ದನಿ ಏಳುತ್ತದೆ. ಆದರೆ ಆ ಕಾರ್ಯಕ್ರಮ ನಡೆದದ್ದು ಮೇ ತಿಂಗಳಲ್ಲಿ. ವಿಶಾಖಪಟ್ಟಣದ ಮೇ ತಿಂಗಳಲ್ಲಿ ಬೆವರು ಬಿಟ್ಟರೆ ಬೇರೇನೂ ಇಳಿಯುವುದಿಲ್ಲ. ಅದು ವೇದಿಕೆಯ ಮೇಲೆ ಬಾಡಿಗೆಗೆ ತಂದಿಟ್ಟಿದ್ದ ಹೊಗೆ ಯಂತ್ರದ ಕೆಲಸವಿರಬೇಕು. ಅಥವಾ ಬೇರೆ ಯಾವುದೋ ಜನವರಿಯ ಬೆಳಗಿನ ಮಂಜನ್ನು ತಂದು ನಾನೇ ಅಲ್ಲಿ ಹಾಸಿದ್ದೇನೆ. ನಾನು ಸಂಖ್ಯಾಶಾಸ್ತ್ರ ಓದಿದವನು. ಒಬ್ಬನೇ ಸಾಕ್ಷಿ ಇರುವ ಮಾತನ್ನು ನಂಬಬಾರದು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತವನು. ಇಲ್ಲಿ ಹೇಳಹೊರಟಿರುವುದಕ್ಕೆ ಹಲವು ಕಡೆ ನಾನೊಬ್ಬನೇ ಸಾಕ್ಷಿ.

ತಮ್ಮ ಎಂದರೆ ಕಾಕಾನ ಮಗ. ಕಾಕಾ ನನ್ನ ಅಪ್ಪನ ಬೆನ್ನಿಗೆ ಬಿದ್ದವರು. ಧಾರವಾಡದ ಕಡೆಯಿಂದ ಹರೆಯದಲ್ಲೇ ಹೊರಟು ಬಂದು ವಿಶಾಖಪಟ್ಟಣದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತರು. ವಿಜಯವಾಡದ ಕಡೆಯ ತೆಲುಗು ಹೆಣ್ಣನ್ನು ಮದುವೆಯಾದರು. ಹೀಗಾಗಿ ಆ ಮನೆಯಲ್ಲಿ ಅಡುಗೆ ತೆಲುಗು, ಬೈಗುಳ ಕನ್ನಡ, ಲೆಕ್ಕಪತ್ರ ಇಂಗ್ಲಿಷ್. ಎಂಎಸ್ಸಿಗೆಂದು ಬಂದ ನಾನು ಮೊದಲ ವರ್ಷ ಅವರ ಕ್ವಾರ್ಟರ್ಸಿನಲ್ಲೇ ಇದ್ದೆ. ಆಮೇಲೆ ಹಾಸ್ಟೆಲ್ ಸೇರಿದೆ, ಸಂಶೋಧನೆ ಹಿಡಿದೆ, ವಿಷಯ ಬದಲಿಸಿದೆ, ಮತ್ತೆ ಬದಲಿಸಿದೆ. ಒಂದು ಕಡೆ ಕೂರಲಾಗದ ಕಾಲುಗಳು ನನ್ನವು. ಬಸ್ಸು ಹತ್ತಿ ಊರಿನ ಆ ತುದಿಯಿಂದ ಈ ತುದಿಗೆ ಸುಮ್ಮನೆ ಹೋಗಿಬರುತ್ತಿದ್ದೆ.

ತಮ್ಮ ಹಾಡುತ್ತಿದ್ದ. ನಮ್ಮ ಊರಿನ ಅಳತೆಯಲ್ಲಿ ಅವನು ರಾಕ್ ಸ್ಟಾರ್. ಕಾಲೇಜುಗಳ ಗೇಟಿನಲ್ಲಿ ಅವನ ಉದ್ದ ಕೂದಲಿನ ಪೋಸ್ಟರು ಅಂಟಿರುತ್ತಿತ್ತು, ಕೇಬಲ್ ಚಾನೆಲ್ಲಿನಲ್ಲಿ ಸಂಜೆಯ ಹೊತ್ತು ಅವನ ಮುಖ ಬರುತ್ತಿತ್ತು, ಗಾಜುವಾಕದ ಚಹಾದಂಗಡಿಯವನು ಅವನಿಂದ ಕಾಸು ಮುಟ್ಟುತ್ತಿರಲಿಲ್ಲ. ಅವನಿಗೆ ಹೆಸರು ತಂದ ಹಾಡು ಹಡಗುಗಳ ಕುರಿತದ್ದು, ತೆಲುಗಿನದು. ಆದರೆ ನಡುವೆ ಡ್ರಮ್ಮು ಗಿಟಾರುಗಳೆಲ್ಲ ತಟ್ಟನೆ ನಿಂತು, ಅವನೊಬ್ಬನೇ ಕಣ್ಣು ಮುಚ್ಚಿ ಕನ್ನಡದಲ್ಲಿ ಒಂದು ಕೂಗು ಹಾಕುತ್ತಿದ್ದ. "ಬಾರೋ... ದೀಪ ಹಚ್ಯಾರ ಬಾರೋ..." ಸಾವಿರಾರು ತೆಲುಗು ಹುಡುಗ ಹುಡುಗಿಯರು ಅರ್ಥ ತಿಳಿಯದೆ ಅದನ್ನು ತಿರುಗಿ ಕೂಗುತ್ತಿದ್ದರು.

ಅದು ಕಾಕಾನ ಕೂಗು. ತಮ್ಮ ಚಿಕ್ಕವನಿದ್ದಾಗ ಸಂಜೆ ಆಟ ಬಿಟ್ಟು ಬರುತ್ತಿರಲಿಲ್ಲವಂತೆ. ಕಾಕಾ ಎರಡನೇ ಮಹಡಿಯ ಬಾಲ್ಕನಿಯಲ್ಲಿ ನಿಂತು, ಹೊಲದಿಂದ ಹೊಲಕ್ಕೆ ಕೇಳುವ ಹಾಗೆ ಎಳೆದು ಎಳೆದು ಕರೆಯುತ್ತಿದ್ದರಂತೆ. ಟೌನ್‌ಶಿಪ್ಪಿನ ತೆಲುಗು, ಒರಿಯಾ, ಬಂಗಾಳಿ ಮಕ್ಕಳೆಲ್ಲ ಅದನ್ನು ಅಣಕಿಸುತ್ತ ಮನೆಗೆ ಓಡುತ್ತಿದ್ದವಂತೆ. ಆ ಹೊತ್ತಿಗೆ ಸರಿಯಾಗಿ ಕಾರ್ಖಾನೆಯ ಹಿಂದೆ ಕುಲುಮೆಯ ಕರಗಿದ ಕಸ ಸುರಿದು ಇಡೀ ಆಕಾಶ ಕಿತ್ತಳೆಯಾಗುತ್ತಿತ್ತಂತೆ. ಇದೆಲ್ಲ ನಾನು ಬರುವ ಮೊದಲಿನ ಮಾತು. ಆದರೂ ನನ್ನ ಕಣ್ಣಿಗೆ ಆ ಕಿತ್ತಳೆ ಎಷ್ಟು ಚೆನ್ನಾಗಿ ಕಾಣುತ್ತದೆಂದರೆ, ನೋಡದವನು ನಾನು ಎಂಬುದೇ ಸುಳ್ಳೆನಿಸುತ್ತದೆ.

ಆ ಕೂಗು ಹಾಡಾಗುವ ಹೊತ್ತಿಗೆ ಅಪ್ಪ ಮಗ ಮಾತು ಬಿಟ್ಟಿದ್ದರು. ಕಾರ್ಖಾನೆಯಲ್ಲಿ ಪರೀಕ್ಷೆ ಬರೆದು ಸಿಕ್ಕಿದ್ದ ಟ್ರೇನಿ ಕೆಲಸವನ್ನು ತಮ್ಮ ಬಿಟ್ಟು ಬಂದ ದಿನ ಕಾಕಾ ಬೈಯಲಿಲ್ಲ, ಸುಮ್ಮನಾದರು. ಅದು ಬೈಗುಳಕ್ಕಿಂತ ಕೆಟ್ಟದ್ದಾಗಿತ್ತು. ತಮ್ಮ ಪೆಂದುರ್ತಿಯಲ್ಲಿ ಗಿಲಾವು ಕಾಣದ ಒಂದು ಮನೆಯ ಮೇಲುಮಹಡಿಯನ್ನು ಬಾಡಿಗೆಗೆ ಹಿಡಿದ. ಸುತ್ತ ಖಾಲಿ ಸೈಟುಗಳು, ಕಲ್ಲು ಕಂಬ, ಮೇಯುವ ಎಮ್ಮೆ. ಎಷ್ಟು ಗದ್ದಲ ಮಾಡಿದರೂ ಕೇಳುವವರಿಲ್ಲ. ಬ್ಯಾಂಡಿನ ಅಭ್ಯಾಸ ಅಲ್ಲೇ. ಕಾಕಾನ ಹೆಂಡತಿ ಕಾಕು ಮಾತ್ರ ಮಗನಿಗೆ ಕದ್ದು ಫೋನು ಮಾಡುತ್ತಿದ್ದರು, ನನ್ನ ಕೈಯಲ್ಲಿ ಉಪ್ಪಿನಕಾಯಿ ಕಳಿಸುತ್ತಿದ್ದರು.

ಅಲ್ಲಿಗೇ ಅವಳು ಬರುತ್ತಿದ್ದಳು. ವಿಜಯವಾಡದ ಹುಡುಗಿ. ಪರವಾಡದ ಒಂದು ಔಷಧಿ ಕಂಪನಿಯಲ್ಲಿ ಮಾತ್ರೆಗಳ ಪರೀಕ್ಷೆ ಮಾಡುವ ಕೆಲಸ, ಗೆಳತಿಯರ ಜೊತೆ ಬಾಡಿಗೆ ಕೋಣೆ, ಕಂಪನಿ ಬಸ್ಸಿನಲ್ಲಿ ಓಡಾಟ. ತಮ್ಮನ ಹಾಡು ಅವಳಿಗೆ ಅಷ್ಟೇನೂ ಇಷ್ಟವಿರಲಿಲ್ಲ. ಅವನು ಶ್ರುತಿ ತಪ್ಪಿದಾಗ ಎಲ್ಲರ ಮುಂದೆ ಹೇಳುತ್ತಿದ್ದವಳು ಅವಳೊಬ್ಬಳೇ. ಅದಕ್ಕೇ ಅವನು ಅವಳ ಹಿಂದೆ ಬಿದ್ದನೆಂದು ನನ್ನ ಊಹೆ. ನನ್ನನ್ನು ಮೊದಲ ದಿನದಿಂದಲೇ ಬಾವಗಾರು ಎಂದು ಕರೆದಳು. ತೆಲುಗಿನಲ್ಲಿ ಗಂಡನ ಅಣ್ಣನನ್ನು ಕರೆಯುವ ಮಾತು ಅದು. ಇನ್ನೂ ಮದುವೆಯ ಮಾತೇ ಇಲ್ಲವಲ್ಲ ಎಂದರೆ, ಅಷ್ಟರೊಳಗೆ ನಿಮಗೆ ಅಭ್ಯಾಸವಾಗಲಿ ಎಂದು ನಗುತ್ತಿದ್ದಳು. ಅವಳ ಮಾತೆಲ್ಲ ತೆಲುಗು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಫೋನು ಮಾಡಿದವರಿಗೆ ಗಂಟೆಯ ಬದಲು ಹಾಡು ಕೇಳಿಸುವ ಕಾಲರ್ ಟ್ಯೂನ್ ಆಗಷ್ಟೇ ಬಂದಿತ್ತು. ತಮ್ಮನ ಹಾಡು ಮೊಬೈಲ್ ಕಂಪನಿಯವರ ಪಟ್ಟಿಗೆ ಸೇರಿದಾಗ ಬ್ಯಾಂಡಿನವರೆಲ್ಲ ಹಬ್ಬ ಮಾಡಿದರು. ಅವಳು ಅದನ್ನು ತನ್ನ ಫೋನಿಗೆ ಹಾಕಿಸಿಕೊಂಡಳು. ಹಾಡಿನ ನಡುವಿನ ತುಣುಕು, ಆ ಕನ್ನಡದ ಕೂಗು ಇರುವುದು. ತಮ್ಮ ನಾಚಿಕೆಪಟ್ಟು ಅಂದಿನಿಂದ ಅವಳಿಗೆ ಫೋನು ಮಾಡುವುದನ್ನೇ ಬಿಟ್ಟು ಮೆಸೇಜು ಕಳಿಸತೊಡಗಿದ. ಅವಳಿಗಂತೂ ಅದು ಕೇಳಿಸುವ ಪ್ರಶ್ನೆಯೇ ಇಲ್ಲ. ತನ್ನ ಫೋನಿನ ಕಾಲರ್ ಟ್ಯೂನನ್ನು ಯಾರೂ ತಾವು ಕೇಳುವುದಿಲ್ಲ, ಹಾಕಿಸಿಕೊಂಡು ಮರೆಯುತ್ತಾರೆ.

ಆಮೇಲೆ ಆ ಫೋನು ಬರತೊಡಗಿತು.

ಮೊದಲು ಅವಳು ಹೇಳಲಿಲ್ಲ. ಹೇಳಿದ್ದು ಪೆಂದುರ್ತಿಯ ಮಹಡಿಯಲ್ಲಿ, ಒಂದು ಭಾನುವಾರದ ಮಧ್ಯಾಹ್ನ, ಕರೆಂಟು ಹೋಗಿ ಎಲ್ಲರೂ ನೆಲಕ್ಕೆ ಒರಗಿದ್ದಾಗ. ಯಾರೋ ಫೋನು ಮಾಡುತ್ತಾರೆ. ಪೂರ್ತಿ ಬಾರಿಸಲು ಬಿಡುತ್ತಾರೆ. ಎತ್ತಿದರೆ ಒಂದು ಗಳಿಗೆ ಉಸಿರಿನ ಸದ್ದು, ಕಟ್. ಎತ್ತದಿದ್ದರೆ ಕೊನೆಯವರೆಗೂ ಬಾರಿಸಿ, ಒಮ್ಮೊಮ್ಮೆ ಮತ್ತೆ ಮಾಡುತ್ತಾರೆ. ನಂಬರು ಪ್ರತಿ ಸಲವೂ ಬೇರೆ, ಎಲ್ಲವೂ ಅಂಗಡಿ ಮುಂದೆ ನೇತುಹಾಕುವ ರೂಪಾಯಿ ಹಾಕುವ ಫೋನುಗಳದು. ಗಾಜುವಾಕದ್ದು, ಬಂದರಿನ ರಸ್ತೆಯದು.

"ಬಾವಗಾರೂ, ನೀವು ಲೆಕ್ಕದವರಲ್ಲವೇ," ಎಂದಳು, "ಒಂದು ವಾರ ಬೆಳಿಗ್ಗೆ ನಾನು ಬಸ್ಸು ಹತ್ತುವಾಗ ಬರುತ್ತದೆ. ಇನ್ನೊಂದು ವಾರ ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುವಾಗ. ಆಮೇಲೆ ಮಲಗುವ ಹೊತ್ತಿಗೆ. ಮತ್ತೆ ಬೆಳಿಗ್ಗೆಗೆ ಬರುತ್ತದೆ. ಇದೆಂಥ ಹುಚ್ಚು, ಲೆಕ್ಕ ಹಾಕಿ ಹೇಳಿ."

ಒಮ್ಮೆ ಎತ್ತಿದಾಗ ಹಿನ್ನೆಲೆಯಲ್ಲಿ ಉದ್ದನೆಯ ಕೂಗು ಕೇಳಿಸಿತ್ತಂತೆ, ಸೈರನ್ನಿನಂಥದು. ಅದನ್ನು ಕೇಳಿದ್ದೇ ತಮ್ಮ ಎದ್ದು ಕೂತ. ರೈಲು, ಎಂದ.

ಅವನ ಮನಸ್ಸು ಎಲ್ಲಿಗೆ ಹೋಯಿತೆಂದು ಎಲ್ಲರಿಗೂ ಗೊತ್ತಾಯಿತು. ಅವಳಿಗೆ ವಿಜಯವಾಡದಲ್ಲಿ ಒಬ್ಬ ಸೋದರಮಾವನಿದ್ದ. ಅವಳು ಕರೆಯುವುದು ಮಾವಯ್ಯ ಎಂದು. ತಾಯಿಗಿಂತ ಎಷ್ಟೋ ಚಿಕ್ಕವನು, ಅವಳಿಗಿಂತ ಏಳೆಂಟು ವರ್ಷ ದೊಡ್ಡವನು, ಗೂಡ್ಸ್ ರೈಲಿನ ಗಾರ್ಡು. ಅವನ ಪಾಳಿಗೂ ಹೊತ್ತುಗೊತ್ತಿಲ್ಲ, ವಿಶಾಖಪಟ್ಟಣದ ತನಕ ಗಾಡಿಯ ಜೊತೆ ಬಂದುಹೋಗುವವನು. ಅವಳು ಹುಟ್ಟಿದಾಗಿನಿಂದಲೇ ಅವನಿಗೆ ಎಂದು ಮನೆಯವರ ಮಾತು. ನಮ್ಮ ಕಡೆಯೂ ಇಂಥ ಮಾತಿಗೆ ಬರವಿಲ್ಲ, ಅಕ್ಕನ ಮಗಳೆಂದರೆ ಹಕ್ಕಿನವಳು. ಅವಳು ಒಲ್ಲೆ ಎಂದಾಗ ಎಲ್ಲರೂ ಕೂಗಾಡಿದ್ದರು. ಮಾವಯ್ಯ ಮಾತ್ರ "ಪರವಾಗಿಲ್ಲ, ನಾನು ಕಾಯುತ್ತೇನೆ" ಎಂದಷ್ಟೇ ಹೇಳಿ ಎದ್ದುಹೋಗಿದ್ದನಂತೆ. ಕಾಯುತ್ತೇನೆ ಎಂಬ ಆ ಮಾತು ತಮ್ಮನ ಕಿವಿಯಲ್ಲಿ ಮುಳ್ಳಿನಂತೆ ಉಳಿದಿತ್ತು.

ರೈಲು ಕೂಗಿದ ಮಾತ್ರಕ್ಕೆ ಅದರಲ್ಲಿ ಮಾವಯ್ಯನೇ ಇರಬೇಕೆಂದಿಲ್ಲ ಎಂದು ನಾನು ವಾದಿಸಿದೆ. ಹೊತ್ತುಗೊತ್ತಿಲ್ಲದ ಪಾಳಿಗೂ ವಾರ ವಾರ ಸರಿಯುವ ಹೊತ್ತಿಗೂ ತಾಳೆಯಾಗುವುದಿಲ್ಲ ಎಂದೂ ಹೇಳಿದ ನೆನಪು. ಆದರೆ ಈಗ ಗೊತ್ತಿರುವುದನ್ನು ಆಗಲೇ ಗೊತ್ತಿತ್ತು ಎಂದುಕೊಳ್ಳುವುದು ನೆನಪಿನ ಹಳೆಯ ಚಾಳಿ. ವಾರಕ್ಕೊಮ್ಮೆ ಪಾಳಿ ಬದಲಾಗುವ ಮನೆಯಲ್ಲೇ ನಾನು ಒಂದು ವರ್ಷ ಉಂಡು ಮಲಗಿದ್ದೆ. ಬೆಳಗಿನ ಪಾಳಿಯ ವಾರ ಕುಕ್ಕರು ಯಾವಾಗ ಕೂಗುತ್ತದೆ, ರಾತ್ರಿ ಪಾಳಿಯ ವಾರ ಹಗಲಲ್ಲಿ ಪರದೆ ಎಳೆದ ಕೋಣೆಯ ಮುಂದೆ ಹೇಗೆ ತುದಿಗಾಲಲ್ಲಿ ನಡೆಯಬೇಕು ಎಲ್ಲ ಗೊತ್ತಿತ್ತು. ಆದರೂ ಆ ಮಧ್ಯಾಹ್ನ ನನಗೇನೂ ಹೊಳೆಯಲಿಲ್ಲ.

ಅಲ್ಲಿಂದ ಮುಂದಿನ ದಿನಗಳು ಬೆವರಿನ ನಿದ್ದೆಯಂತೆ ಕಲಸಿಹೋಗಿವೆ. ತಮ್ಮ ಅವಳ ಬಸ್ಸು ನಿಲ್ಲುವಲ್ಲಿ ಹೋಗಿ ನಿಲ್ಲತೊಡಗಿದ. ಫೋನು ತೋರಿಸು ಎನ್ನತೊಡಗಿದ. ಅವನ ಹಿಂದೆ ಬಿದ್ದಿದ್ದ ಅಭಿಮಾನಿ ಹುಡುಗಿಯರಲ್ಲೇ ಯಾರೋ ಹೀಗೆ ಮಾಡುತ್ತಿರಬಾರದೇಕೆ ಎಂದು ಅವಳು ಕೇಳಿದಳು. ಅದಕ್ಕೆ ಅವನು ಕೋಪ ಮಾಡಿಕೊಂಡ. ಕಡಲದಂಡೆಯ ಮೇಲೆ ಇಬ್ಬರೂ ನಡುವೆ ಅಷ್ಟು ಜಾಗ ಬಿಟ್ಟು ಕೂತದ್ದು, ಆ ಜಾಗದಲ್ಲಿ ಅವಳ ಫೋನು ಮರಳ ಮೇಲೆ ಬಾಯಿ ಮುಚ್ಚಿ ಮಲಗಿದ್ದು, ದೂರದಲ್ಲಿ ಕ್ರೇನುಗಳು ಜಿರಾಫೆಗಳಂತೆ ಕತ್ತು ತಗ್ಗಿಸಿ ಎತ್ತುತ್ತಿದ್ದದ್ದು ನನಗೆ ಸ್ಪಷ್ಟವಾಗಿ ಕಾಣುತ್ತದೆ. ಆ ದಂಡೆಯಿಂದ ಕ್ರೇನುಗಳು ಕಾಣುತ್ತವೋ ಇಲ್ಲವೋ ಮತ್ತೊಮ್ಮೆ ಹೋಗಿ ನೋಡಬೇಕು. ಅವಳು ಒಂದೇ ಮಾತು ಹೇಳಿದ್ದಳು: ವಿಜಯವಾಡದ ಕಾರ್ಯಕ್ರಮದವರೆಗೆ ನೋಡುತ್ತೇನೆ, ಇದು ಹೀಗೇ ಇದ್ದರೆ ನಾನು ಅಲ್ಲೇ ಉಳಿದುಬಿಡುತ್ತೇನೆ, ಅಮ್ಮ ತೋರಿಸಿದವನಿಗೆ ತಲೆಬಾಗುತ್ತೇನೆ. ನನಗೆ ಫೋನಿನವನ ಭಯವಿಲ್ಲ ಬಾವಗಾರೂ, ನಿಮ್ಮ ತಮ್ಮನ ಕಣ್ಣಿನ ಭಯ, ಎಂದು ನನಗೆ ಬೇರೆಯಾಗಿ ಹೇಳಿದಳು.

ವಿಜಯವಾಡಕ್ಕೆ ಬೆಳಗಿನ ರೈಲಿನಲ್ಲಿ ಹೋದೆವು. ಡ್ರಮ್ಮುಗಳು ಬಾಗಿಲ ಬಳಿ, ನಾವು ಅವುಗಳ ಮೇಲೆ. ಅವಳೂ ಜೊತೆಗಿದ್ದಳು, ಊರಿಗೆ ರಜೆಯ ಮೇಲೆ ಎಂದು ಮನೆಯವರಿಗೆ ಹೇಳಿ. ಹೊರಗೆ ಭತ್ತದ ಗದ್ದೆಗಳು, ನಿಂತ ನೀರಿನಲ್ಲಿ ತಲೆಕೆಳಗಾದ ತಾಳೆಮರಗಳು. ಲಾಡ್ಜು ಒಂದು ಕಾಲುವೆಯ ಪಕ್ಕದಲ್ಲಿತ್ತು. ಕೋಣೆಯ ಚಾವಣಿಯ ಮೇಲೆ ನೀರಿನ ಬೆಳಕು ಅಲೆಯಾಡುತ್ತಿತ್ತು. ತಮ್ಮ ಆ ಬೆಳಕನ್ನೇ ನೋಡುತ್ತ ಹಾಸಿಗೆಯ ಮೇಲೆ ಮಲಗಿದ್ದ. ಅವಳು ಕಿಟಕಿಯಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದಳು. ಸಂಜೆ ನದಿಯ ದಂಡೆಯ ಮೈದಾನದಲ್ಲಿ ಹಾಡಬೇಕಿತ್ತು.

ಫೋನು ಬಾರಿಸಿತು. ಅವಳು ಎತ್ತಿದಳು, ಹಲೋ ಎಂದಳು. ಕಟ್. ನಂಬರು ನೋಡಿ ಫೋನನ್ನು ನಮ್ಮ ಕಡೆ ತಿರುಗಿಸಿದಳು. ವಿಜಯವಾಡದ ನಂಬರು. ಫೋನಿನವನು ನಮ್ಮ ಹಿಂದೆಯೇ ಬಂದಿದ್ದ, ಅಥವಾ ನಾವೇ ಅವನ ಊರಿಗೆ ಬಂದಿದ್ದೆವು.

ತಮ್ಮ ಎದ್ದು ಅಂಗಿ ಹಾಕಿಕೊಂಡ. ಮಾವಯ್ಯನ ಮನೆ ರೈಲ್ವೆ ಕಾಲೊನಿಯಲ್ಲಿ ಎಂದು ಅವನಿಗೆ ಗೊತ್ತಿತ್ತು. ಅವಳು ಕಿತ್ತಳೆಯನ್ನು ಕೆಳಗಿಟ್ಟಳು.

"ಹೋಗು," ಎಂದಳು. ದನಿ ಏರಲಿಲ್ಲ. "ಆದರೆ ನಮ್ಮ ಮಾವಯ್ಯನ ಬಾಗಿಲಲ್ಲಿ ನೀನು ಒಂದು ಮಾತು ಜಾಸ್ತಿ ಆಡಿದರೆ, ನಾನು ಆ ಬಾಗಿಲ ಒಳಗಡೆ ಇರುತ್ತೇನೆ. ಮತ್ತೆ ಹೊರಗೆ ಬರುವುದಿಲ್ಲ."

"ಅಣ್ಣಾ, ನೀ ಬರ್ತೀಯೋ ಇಲ್ಲೋ?" ಎಂದು ಅವನು ನನ್ನನ್ನು ಕೇಳಿದ, ಮನೆಯ ಆ ಹರಕು ಕನ್ನಡದಲ್ಲಿ. ಸಿಟ್ಟು ಬಂದಾಗ ಅವನಿಗೆ ಕನ್ನಡ ಬರುತ್ತಿತ್ತು.

ನಾನು ಅವಳ ಫೋನು ತೆಗೆದುಕೊಂಡು ಆ ನಂಬರಿಗೇ ತಿರುಗಿ ಮಾಡಿದೆ. ಇಷ್ಟು ದಿನ ಅವರಿಬ್ಬರೂ ಅದನ್ನೇ ಮಾಡಿ ನೋಡಿದ್ದರು. ಊರಿನ ಗದ್ದಲದ ಅಂಗಡಿಗಳಲ್ಲಿ ಯಾರು ಮಾಡಿದರೋ ನಮಗೇನು ಗೊತ್ತು ಎಂದಷ್ಟೇ ಉತ್ತರ ಬಂದಿತ್ತು. ಇಂದು ಎತ್ತಿದವನಿಗೆ ಮಾತು ಬೇಕಿತ್ತು. ಸ್ನಾನಘಟ್ಟದ ಹತ್ತಿರ ಗೋಲಿ ಸೋಡಾ ಮಾರುವವನು, ಮಟಮಟ ಮಧ್ಯಾಹ್ನ, ಗಿರಾಕಿಯಿಲ್ಲ. ಈಗ ಫೋನು ಮಾಡಿದ್ದು ಯಾರೆಂದು ಕೇಳಿದ್ದೇ ತಡ, ದೂರು ಹೇಳತೊಡಗಿದ. ಯಾರೋ ದೊಡ್ಡವರು, ಇಸ್ತ್ರಿ ಮಾಡಿದ ಅಂಗಿ. ರೂಪಾಯಿ ಕೈಯಲ್ಲೇ ಹಿಡಿದುಕೊಂಡಿರುತ್ತಾರೆ, ಒಳಗೆ ಹಾಕುವುದಿಲ್ಲ. ಆ ಕಡೆಯವರು ಎತ್ತಿದರೆ ತಾನೇ ಹಾಕಬೇಕು. ಎತ್ತಿದ ಕೂಡಲೇ ಇಟ್ಟುಬಿಡುತ್ತಾರೆ. ಬೆಳಿಗ್ಗೆ ಒಮ್ಮೆ ಲೈನೇ ಸಿಗಲಿಲ್ಲ, ಇದು ಎರಡನೇ ಸಲ, ಈಗ ಘಟ್ಟದ ಮೆಟ್ಟಿಲ ಮೇಲೆ ಕೂತಿದ್ದಾರೆ, ಮತ್ತೆ ಬರುತ್ತಾರೆ ನೋಡಿ. "ಮಾಟ್ಲಾಡರಂಡಿ," ಎಂದ ಕೊನೆಗೆ, "ವಿಂಟಾರು." ಮಾತಾಡುವುದಿಲ್ಲ, ಕೇಳುತ್ತಾರೆ.

ಏನನ್ನು ಕೇಳುತ್ತಾರೆ ಎಂದು ನನಗೆ ಹೊಳೆದದ್ದು ಆಟೋದಲ್ಲಿ. ಅಥವಾ ಅಲ್ಲಿ ಮುಟ್ಟಿ ಕಣ್ಣಾರೆ ಕಂಡ ಮೇಲೆಯೇ ಹೊಳೆದು, ಆಮೇಲೆ ನಾನದನ್ನು ಆಟೋದೊಳಕ್ಕೆ ಸರಿಸಿರಬಹುದು. ರೈಲ್ವೆ ಕಾಲೊನಿಗೆ ಹೋಗುವ ಮೊದಲು ಆ ಸೋಡಾ ಅಂಗಡಿಗೊಮ್ಮೆ ಹೋಗಿಬರೋಣ, ಅಲ್ಲಿ ಮಾವಯ್ಯನೇ ಇದ್ದರೆ ನಾನು ಅಡ್ಡ ಬರುವುದಿಲ್ಲ ಎಂದು ತಮ್ಮನನ್ನು ಒಪ್ಪಿಸಿದ್ದಂತೂ ನಿಜ. ಅವಳಿಗೆ ಹೇಳಿದೆ: ಮತ್ತೆ ಬಂದರೆ ಎತ್ತಬೇಡ, ಬಾರಿಸಲು ಬಿಡು.

ಬಿಸಿಲಿಗೆ ನದಿ ಬೆಳ್ಳಗೆ ಮರಗಟ್ಟಿತ್ತು. ಬ್ಯಾರೇಜಿನ ಮೇಲೆ ಲಾರಿಗಳು ಸದ್ದಿಲ್ಲದೆ ತೇಲುವಂತೆ ಹೋಗುತ್ತಿದ್ದವು. ತಳ್ಳುಗಾಡಿಗೆ ಬಿಗಿದ ಛತ್ರಿಯ ನೆರಳು, ಹಸಿರು ಬಾಟಲಿಗಳ ಸಾಲು, ಪಕ್ಕದ ಕಂಬಕ್ಕೆ ನೇತುಹಾಕಿದ ಹಳದಿ ಫೋನು. ಅದರ ಮುಂದೆ ನಮಗೆ ಬೆನ್ನು ಮಾಡಿ ಒಬ್ಬರು ನಿಂತಿದ್ದರು. ರಿಸೀವರಿನ ಕಡೆಗೆ ತಲೆ ಸ್ವಲ್ಪ ವಾಲಿತ್ತು. ಕುಲುಮೆಯ ಮುಂದೆ ನಿಂತೂ ನಿಂತೂ ಒಂದು ಕಿವಿ ಮಂದವಾಗಿ, ಕೇಳುವಾಗಲೆಲ್ಲ ಹೀಗೆ ತಲೆ ವಾಲಿಸುವವರು ನನಗೆ ಗೊತ್ತಿದ್ದವರಲ್ಲಿ ಒಬ್ಬರೇ.

ತಮ್ಮ ನನಗಿಂತ ಮುಂದಿದ್ದ. ಅವನು ನಿಂತ ರೀತಿ ನೋಡಿ ಅವನಿಗೂ ತಿಳಿಯಿತೆಂದು ತಿಳಿದೆ. ಅಪ್ಪ ಎನ್ನಲಿಲ್ಲ. ಪಕ್ಕಕ್ಕೆ ಹೋಗಿ ನಿಂತ, ಅಷ್ಟೆ. ಕಾಕಾನ ತುಟಿ ಅಲುಗುತ್ತಿತ್ತು. ಬಾರೋ ಎನ್ನುತ್ತಿತ್ತು ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ನಿಂತಲ್ಲಿಂದ ನನಗೆ ಅವರ ತುಟಿ ಕಾಣುತ್ತಿರಲಿಲ್ಲ.

ಕಾಕಾ ತಿರುಗಿದರು. ಮಗನನ್ನು ನೋಡಿದರು. ಸಿಕ್ಕಿಬಿದ್ದವರ ಗಾಬರಿ ಮುಖದಲ್ಲಿ ಒಂದು ಕ್ಷಣ ಬಂದು ಹೋಯಿತು. ಆಮೇಲೆ ಇಷ್ಟು ತಿಂಗಳು ಆಡದಿದ್ದ ಮೊದಲ ಮಾತು ಆಡಿದರು:

"ಬಿಸಲಾಗ ಯಾಕ ಅಡ್ಡಾಡಾಕತ್ತಿ? ಸಂಜಿಕೆ ಹಾಡೋದೈತಿ, ಗಂಟಲಾ ಒಣಗತೈತಿ."

ರಿಸೀವರನ್ನು ಇಡಲಿಲ್ಲ. ಅದನ್ನು ಮಗನ ಕಡೆಗೆ ಚಾಚಿದರು, ನೀನೂ ಕೇಳು ಎಂಬಂತೆ. ತಮ್ಮ ತೆಗೆದುಕೊಂಡು ಕಿವಿಗಿಟ್ಟುಕೊಂಡ. ಅವನ ದನಿಯೇ, ತಗಡಿನ ಡಬ್ಬಿಯೊಳಗಿಂದ ಬಂದಂತೆ, ಅವನ ಅಪ್ಪನ ಕೂಗನ್ನು ಕೂಗುತ್ತಿದ್ದಿರಬೇಕು. ನಾನು ಎತ್ತಬೇಡ ಎಂದಿದ್ದರೂ ಲಾಡ್ಜಿನ ಕೋಣೆಯಲ್ಲಿ ಅವಳಿಗೆ ತಡೆಯಲಾಗಲಿಲ್ಲ. ಎತ್ತಿದಳು. ಹಳದಿ ಫೋನು ಪೀ ಪೀ ಎಂದು ಕಾಸು ಕೇಳತೊಡಗಿತು. ತಮ್ಮ ಜೇಬು ತಡಕಿದ, ಜೇಬಿನಲ್ಲಿ ಗಿಟಾರಿನ ಪಿಕ್ಕು ಬಿಟ್ಟರೆ ಏನೂ ಇರಲಿಲ್ಲ. ಕಾಕಾ ಮುಷ್ಟಿ ಬಿಚ್ಚಿ, ಇಷ್ಟು ಕಾಲ ಹಿಡಿದೇ ಇದ್ದ ರೂಪಾಯಿಯನ್ನು ಕಿಂಡಿಯೊಳಗೆ ಹಾಕಿದರು. ಅದು ಬಿದ್ದ ಸದ್ದು ನನಗೂ ಕೇಳಿಸಿತು.

"ನಾನೇ," ಎಂದ ತಮ್ಮ ತೆಲುಗಿನಲ್ಲಿ. "ನಮ್ಮಪ್ಪ. ಇಷ್ಟು ದಿನ ನಮ್ಮಪ್ಪ."

ಅವಳು ಆ ಕಡೆಯಿಂದ ಏನಂದಳು ಎಂಬುದಕ್ಕೆ ಎರಡು ಪಾಠಗಳಿವೆ. ರೂಪಾಯಿ ಮುಗಿಯುವ ತನಕ ಒಂದು ಮಾತೂ ಆಡಲಿಲ್ಲ ಎನ್ನುತ್ತಾನೆ ತಮ್ಮ. ಕಂಡಾಪಟ್ಟೆ ಬೈದೆ ಎನ್ನುತ್ತಾಳೆ ಅವಳು.

ಸೋಡಾ ಕುಡಿಯುತ್ತ ಕಾಕಾ ನನಗೆ ಹೇಳಿದರು, ಮಗನಿಗಲ್ಲ. ಮಗ ಮೆಟ್ಟಿಲ ಕೆಳಗೆ ನೀರಿಗೆ ಕಾಲು ಬಿಟ್ಟು ಕೂತಿದ್ದ. ಕಾಕು ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಆ ಹುಡುಗಿಯ ನಂಬರು ಬರೆದಿಟ್ಟಿದ್ದರು. ಕಾಕಾ ಮೊದಲ ಸಲ ಮಾಡಿದ್ದು ಹೆದರಿಸುವುದಕ್ಕೇ. ನನ್ನ ಮಗನನ್ನು ಬಿಡು, ನಿನ್ನ ಮನೆಯವರಿಗೆ ಹೇಳುತ್ತೇನೆ ಎಂದು ತೆಲುಗಿನಲ್ಲಿ ಮಾತು ಜೋಡಿಸಿಕೊಂಡು, ಮನೆಯ ನಂಬರು ಗೊತ್ತಾಗಬಾರದೆಂದು ಪಾಳಿ ಮುಗಿಸಿ ಬರುವಾಗ ಅಂಗಡಿಯ ಫೋನಿನಿಂದ ಮಾಡಿದರು. ಅವಳ ದನಿಯ ಬದಲು ಈ ಕೂಗು ಕೇಳಿಸಿತು.

"ಎಲ್ಲಾ ಮರ್ತು ಹೋತು ನೋಡಪಾ," ಎಂದರು. "ಆಕಿ ಫೋನ್ ಎತ್ತಿದ್ರ ಹಾಡ ನಿಂತು ಬಿಡತಿತ್ತು. ಅದಕ್ಕ ಇಟ್ಟುಬಿಡತಿದ್ದೆ."

ಕ್ಯಾಸೆಟ್ಟಂಗಡಿಯಲ್ಲಿ ಹಾಡು ಸಿಗುತ್ತಿತ್ತಲ್ಲ ಎಂದು ನಾನು ಕೇಳಿದೆ. ಮನೆಯಲ್ಲಿ ಯಾರ ಎದುರು ಹಚ್ಚಲಿ ಎಂದು ಅವರು ಕೇಳಿದರು. ವಿಜಯವಾಡಕ್ಕೆ ಕಾಕುವಿನ ತಂಗಿಯ ಮನೆಗೆ ಎಂದು ಬಂದಿದ್ದರು. ಸಂಜೆ ಮೈದಾನದ ಹೊರಗೆ ನಿಂತು ಕೇಳಿ ಹೋಗುವ ಉದ್ದೇಶ. ಸೈರನ್ನಿನ ಮಾತು ತೆಗೆದೆ. ನಮ್ಮ ಕಾರ್ಖಾನೆಯದೇ, ಪಾಳಿ ಬಿಟ್ಟದ್ದು, ಇನ್ಯಾವುದು ಎಂದರು. ತಮ್ಮನಿಗೆ ಹುಟ್ಟಿದಾಗಿನಿಂದ ಕಿವಿಯಲ್ಲಿದ್ದ ಸದ್ದು ಅದು. ಅಷ್ಟು ಹಳೆಯ ಸದ್ದನ್ನು ಯಾರು ಕೇಳಿಸಿಕೊಳ್ಳುತ್ತಾರೆ.

ಇಲ್ಲಿಗೆ ಎಲ್ಲ ಸರಿಹೋಯಿತೆಂದು ನಾನು ಅಂದುಕೊಂಡೆ. ಲಾಡ್ಜಿಗೆ ಬಂದಾಗ ಅವಳು ಬ್ಯಾಗು ಕಟ್ಟಿ ಕೂತಿದ್ದಳು.

ಕಾಕಾ ಬಾಗಿಲಲ್ಲೇ ನಿಂತರು. ಅವಳು ಎದ್ದು ಅವರ ಕಾಲು ಮುಟ್ಟಿದಳು, ನೀರು ಕೊಟ್ಟಳು, ಕೂರಲು ಕುರ್ಚಿ ಎಳೆದಳು. ಆಮೇಲೆ ತಮ್ಮನ ಕಡೆ ತಿರುಗಿದಳು. ಫೋನು ಮಾಡಿದ್ದು ಯಾರು ಎಂಬುದು ಈಗ ಗೊತ್ತಾಯಿತು, ನೀನು ಯಾರು ಎಂಬುದೂ ಗೊತ್ತಾಯಿತು ಎಂದಳು. ನಿನಗೆ ಗೊತ್ತೇ ಇಲ್ಲದ ಮನುಷ್ಯನ ಮೇಲೆ ನೀನು ಕೈ ಮಾಡಲು ಹೊರಟಿದ್ದೆ, ಆ ಮನುಷ್ಯ ನನ್ನನ್ನು ಎತ್ತಿ ಆಡಿಸಿದವನು. ತಪ್ಪಾಯಿತು ಎಂದ ತಮ್ಮ. ಅವಳು ತಲೆಯಾಡಿಸಿದಳು.

"ಆ ಮನೆಗೆ ಹೊರಟಿದ್ದೆಯಲ್ಲ, ಹೋಗು. ನಾಳೆ ಊಟಕ್ಕೆ ಹೋಗು, ಇದೇ ಅಂಗಿ ಹಾಕಿಕೊಂಡು. ಯಾಕೆ ಬಂದೆ ಎಂದು ಮಾವಯ್ಯ ಕೇಳುತ್ತಾನೆ. ಏನೇನು ಅಂದುಕೊಂಡಿದ್ದೆ ಎಲ್ಲ ಹೇಳು. ಅದನ್ನೆಲ್ಲ ಕೇಳಿದ ಮೇಲೆ ಅವನು ಬೇಡ ಎಂದರೆ ನನಗೂ ಬೇಡ."

ಬ್ಯಾಗು ಎತ್ತಿಕೊಂಡು ಮಾವಯ್ಯನ ಮನೆಗೆ ಹೊರಟುಹೋದಳು.

ಆ ಸಂಜೆ ತಮ್ಮ ಹೇಗೆ ಹಾಡಿದ ಎಂದು ಹೇಳಲಾರೆ. ಕೂಗಿನ ಜಾಗ ಬಂದಾಗ ಡ್ರಮ್ಮು ನಿಂತಿತು, ಗಿಟಾರು ನಿಂತಿತು, ಅವನೂ ಸುಮ್ಮನೆ ನಿಂತುಬಿಟ್ಟ. ಜನರಿಗೆ ಬಾಯಿಪಾಠವಿತ್ತು, ಅವರೇ ಕೂಗಿದರು. ಜನರೇಟರಿನ ಪಕ್ಕ ನಿಂತಿದ್ದ ಕಾಕಾ ಕೂಗಿದರೋ ಇಲ್ಲವೋ ಜನರೇಟರಿನ ಸದ್ದಿನಲ್ಲಿ ನನಗೆ ತಿಳಿಯಲಿಲ್ಲ.

ಮರುದಿನ ಮಧ್ಯಾಹ್ನ ರೈಲ್ವೆ ಕಾಲೊನಿಗೆ ಮೂವರೂ ಹೋದೆವು. ಕಾಕಾ ನಾನೂ ಬರುತ್ತೇನೆ ಎಂದರು. ಫೋನು ನನ್ನದು, ಬೈಸಿಕೊಳ್ಳುವುದೂ ನನ್ನದೇ ಎಂದು ಅವರ ವಾದ. ಇದರಿಂದ ಏನಾಗುತ್ತದೆಂದು ನಮ್ಮ ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ. ಹುಡುಗ, ಹುಡುಗನ ಅಪ್ಪ, ಹುಡುಗನ ಅಣ್ಣ, ಇಸ್ತ್ರಿ ಅಂಗಿಗಳು, ಕೈಯಲ್ಲಿ ಕಾಕಾ ದಾರಿಯಲ್ಲಿ ಕೊಂಡ ಬಾಳೆಹಣ್ಣಿನ ಚಿಪ್ಪು. ಕಾಲೊನಿಯ ಹೆಂಗಸರು ಬಾಗಿಲು ಬಾಗಿಲಿಗೆ ಬಂದು, ಹೆಣ್ಣು ಕೇಳಲು ಬಂದವರನ್ನು ನೋಡುವಂತೆ ನೋಡಿದರು.

ಮಾವಯ್ಯ ಬನಿಯನ್ನಿನಲ್ಲೇ ಬಾಗಿಲು ತೆಗೆದ. ಸಣ್ಣ ಆಳು, ನಿದ್ದೆಗೆಟ್ಟ ಕಣ್ಣು. ಮೊದಲು ಊಟ ಎಂದ. ಗೊಂಗೂರ ಪಚ್ಚಡಿಗೆ ತಾನೇ ಎಣ್ಣೆ ಹಾಕಿ ಬಡಿಸಿದ. ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ತಮ್ಮ ಊಟದ ನಡುವೆಯೇ ಎಲ್ಲ ಹೇಳಿಬಿಟ್ಟ. ಫೋನು, ರೈಲು, ಕಾಯುತ್ತೇನೆ ಎಂದದ್ದು, ನಿನ್ನೆ ಅಂಗಿ ಹಾಕಿಕೊಂಡು ಹೊರಟದ್ದು.

ಮಾವಯ್ಯ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿಟ್ಟ. "ಕಾಯುತ್ತೇನೆ ಅಂದದ್ದು ನಿಜ," ಎಂದ. "ನಾನೂ ಒಲ್ಲೆ ಅಂದಿದ್ದರೆ ನಮ್ಮಕ್ಕ ಮಾರನೇ ದಿನವೇ ಬೇರೆ ಗಂಡು ಹುಡುಕುತ್ತಿದ್ದಳು. ನಾನು ಕಾಯುವಷ್ಟು ದಿನ ಇವಳಿಗೆ ಹೊತ್ತು ಸಿಗುತ್ತದೆ ಅಂದುಕೊಂಡೆ. ನನಗೂ ವಯಸ್ಸಾಗುತ್ತಿದೆಯಲ್ಲಯ್ಯಾ, ನೀನು ಇಷ್ಟು ತಡ ಮಾಡಿದರೆ ಹೇಗೆ?"

ಅವಳಿಗೇ ಇದು ಗೊತ್ತಿರಲಿಲ್ಲವೆಂದು ಅವಳ ಮುಖ ಹೇಳಿತು. ಅವನು ಹೇಳಿದ್ದು ನಿಜವೇ, ಅಥವಾ ಎಲೆಯ ಮುಂದೆ ಕೂತವನ ಮಾನ ಉಳಿಸಲು, ಅಕ್ಕನ ಮಗಳ ಮುಖ ನೋಡಿ, ಸೌಟು ಕೆಳಗಿಡುವಷ್ಟರಲ್ಲಿ ಕಟ್ಟಿದ ಮಾತೇ? ಇಷ್ಟು ವರ್ಷ ಇದನ್ನು ನಾನು ಎರಡೂ ಕಡೆಯಿಂದ ತೂಗಿದ್ದೇನೆ. ಒಮ್ಮೆ ಅವನನ್ನೇ ಕೇಳಬೇಕೆಂದು ಹೋಗಿ, ಕೇಳದೆ ಬಂದಿದ್ದೇನೆ. ಕಾಕಾ ಮಾತ್ರ ತಲೆ ವಾಲಿಸಿ ಎಲ್ಲ ಕೇಳಿಸಿಕೊಂಡು, ತಮ್ಮದೇ ವಿಚಿತ್ರ ತೆಲುಗಿನಲ್ಲಿ ಇನ್ನೊಂದು ಸ್ವಲ್ಪ ಅನ್ನ ಕೇಳಿದರು.

ಮುಂದಿನ ವರ್ಷ ಮದುವೆಯಾಯಿತು. ಆ ಕಡೆಯ ಪದ್ಧತಿಯಲ್ಲಿ ಮದುಮಗಳನ್ನು ಬಿದಿರಿನ ಬುಟ್ಟಿಯಲ್ಲಿ ಕೂರಿಸಿ ಸೋದರಮಾವಂದಿರು ಮಂಟಪಕ್ಕೆ ಹೊತ್ತು ತರುತ್ತಾರೆ. ಅವಳಿಗೆ ಇದ್ದವನು ಒಬ್ಬನೇ ಮಾವಯ್ಯ, ಸಣ್ಣ ಆಳು. ಬುಟ್ಟಿ ಒಂದು ಕಡೆ ವಾಲಿದಾಗ ಅವಳು ಒಳಗಿಂದ, ಬಾವಗಾರೂ, ನೋಡುತ್ತ ನಿಂತಿದ್ದೀರಲ್ಲ ಎಂದಳು. ನಾನು ಓಡಿಹೋಗಿ ಅಂಚು ಹಿಡಿದೆ. ಬಿದಿರಿನ ಹೆಣಿಗೆ ಅಂಗೈಗೆ ಒತ್ತಿದ್ದು ಈಗಲೂ ನೆನಪಿದೆ. ಫೋಟೋದಲ್ಲಿ ನಾನಿಲ್ಲ, ಬುಟ್ಟಿಯ ಆ ಅಂಚನ್ನು ಇನ್ಯಾರೋ ಹಿಡಿದಿದ್ದಾರೆ.

ಆಮೇಲೆ ಅವರು ಕಾಕಾನ ಕ್ವಾರ್ಟರ್ಸಿನಲ್ಲೇ ಸ್ವಲ್ಪ ಕಾಲ ಇದ್ದರು. ಮಗ ಬಚ್ಚಲಲ್ಲಿ, ಬಾಲ್ಕನಿಯಲ್ಲಿ, ಊಟದ ನಡುವೆ ಹಾಡುತ್ತಲೇ ಇರುತ್ತಿದ್ದ. ಬೇಕಾದಷ್ಟು ಕೇಳಬಹುದಿತ್ತು. ಆದರೂ ಕಾಕಾನ ಪಾಳಿ ಬಿಟ್ಟ ಹೊತ್ತಿಗೆ ಸರಿಯಾಗಿ ಅವಳ ಫೋನು ಬಾರಿಸುತ್ತಿತ್ತು, ಗಾಜುವಾಕದ ಯಾವುದೋ ಅಂಗಡಿಯ ನಂಬರಿನಿಂದ. ನಾನಿದ್ದಾಗಲೇ ಒಮ್ಮೆ ಬಂತು. ಅವಳು ಬೆಂಡೆಕಾಯಿ ಹೆಚ್ಚುತ್ತಿದ್ದಳು. ನಾನು ಎತ್ತಲು ಕೈ ಚಾಚಿದೆ. ಅವಳು ಚಾಕುವಿನ ಹಿಡಿಯಿಂದ ನನ್ನ ಬೆರಳಿಗೆ ಮೆತ್ತಗೆ ಬಡಿದಳು. ಫೋನು ಪೂರ್ತಿ ಬಾರಿಸಿ ತಾನಾಗಿಯೇ ನಿಂತಿತು. ಅವಳು ಎದ್ದು ಅನ್ನಕ್ಕೆ ಇಟ್ಟಳು.